ಶಿವಮೊಗ್ಗದಿಂದ ತುಲಂಬೆನ್‌ಗೆ: ದಡದಿಂದ ಡೈವ್ ಮಾಡೋರಿಗೆ ಒಂದಿಷ್ಟು

ಶನಿವಾರ

ಬೆಳಗಿನ ಜನಶತಾಬ್ದಿ ಹಿಡ್ದು ಬೆಂಗ್ಳೂರು, ಅಲ್ಲಿಂದ ಇಂಡೋನೇಷ್ಯಾದ ಬಾಲಿಗೆ ರಾತ್ರಿ ಫ್ಲೈಟ್, ತುಲಂಬೆನ್ ಇರೋದು ಅಲ್ಲೇ. ಅಡಿಕೆ ಕೆಲ್ಸ ಎಲ್ಲಾ ಮುಗ್ದಿತ್ತು, ಮಳೆಗಾಲದ ಔಷಧಿ ಹೊಡ್ಸೋಕೆ ಇನ್ನೂ ಟೈಮ್ ಇತ್ತು, ನಮ್ಮ ಕಡೆ ತೋಟದೋರಿಗೆ ಊರು ಬಿಡೋಕೆ ಸಿಗೋದೇ ಈ ಏಪ್ರಿಲ್ ಗ್ಯಾಪು. ಬಾಲೀಲೂ ಅದೇ ಹೊತ್ತಿಗೆ ಮಳೆ ನಿಲ್ತಾ ಬರತ್ತೆ. ನಾನು, ನಮ್ಮನೆಯವ್ರು, ಮೈದುನ. ನಾನೂ ಮೈದುನನೂ ಓಪನ್ ವಾಟರ್ ಅನ್ನೋ ಸ್ಕೂಬಾ ಡೈವಿಂಗ್ (ಸಿಲಿಂಡರ್ ಹೊತ್ತು ನೀರೊಳಗೆ ಹೋಗೋದು) ಕೋರ್ಸ್ ಮಾಡಿದೀವಿ, ಮುರ್ಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಅಭ್ಯಾಸ ಇದೆ. ನಮ್ಮನೆಯವ್ರಿಗೆ ಮೊಣಕಾಲಿಗಿಂತ ಮೇಲೆ ನೀರು ಬಂದ್ರೆ ಆಗಲ್ಲ. "ನಾನು ಎಂತಕ್ಕೆ ಮಾರಾಯ್ತಿ, ದಡದಲ್ಲಿ ಕೂತು ಬಟ್ಟೆ ಕಾಯಕ್ಕಾ" ಅಂದ್ರು. ಹೌದು ರೀ, ಅದಕ್ಕೇ ಅಂದೆ. ತಮಾಷೆಗಲ್ಲ, ದಡದಿಂದ ಡೈವ್ ಮಾಡೋ ತಂಡಕ್ಕೆ ದಡದಲ್ಲೇ ಕೂರೋ ಒಬ್ಬ ಮನುಷ್ಯ ಬೇಕೇ ಬೇಕು, ಅದ್ಯಾಕೆ ಅಂತ ಮುಂದೆ ಬರತ್ತೆ.

ಬೋಟ್ ಡೈವಿಂಗ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಬೋಟಲ್ಲಿ ಹೋದ್ರೆ ಅಂಚಲ್ಲಿ ಕೂತು ಹಿಂದಕ್ಕೆ ಬಿದ್ರೆ ಮುಗೀತು, ಎತ್ತಿ ಕೂರಿಸ್ಕೊಳ್ಳೋಕೂ ಜನ ಇರ್ತಾರೆ. ದಡದಿಂದ ಹೋದ್ರೆ ಇಪ್ಪತ್ತು ಕೆಜಿಗೂ ಮೇಲಿನ ಭಾರ ಹೊತ್ಕೊಂಡು ಕಲ್ಲು ತುಳೀತಾ ಅಲೆ ದಾಟಿ ಹೋಗ್ಬೇಕು, ವಾಪಸ್ ಸುಸ್ತಾಗಿ ಬರೋವಾಗ ಮತ್ತದೇ ಅಲೆ ಅದೇ ಕಲ್ಲು. ನೀರೊಳಗೆ ಹದಿನೈದು ಮೀಟರ್ ಆಳದಲ್ಲಿ ಏನೂ ಆಗದವ್ರು ಮೊಣಕಾಲುದ್ದ ನೀರಲ್ಲಿ ಬಿದ್ದು ಕೈ ಮುರ್ಕೊಳ್ತಾರೆ. ಹಾಗಾಗಿ ನಮ್ಮ ಪ್ಯಾಕಿಂಗೆಲ್ಲಾ ಆ ಹತ್ತಿಪ್ಪತ್ತು ಹೆಜ್ಜೆ ಲೆಕ್ಕದಲ್ಲೇ ಆಗಿದ್ದು.

ಮೊದ್ಲು ಬೂಟೀಸ್, ಅಂದ್ರೆ ನೀರಲ್ಲಿ ಹಾಕೋ ಬೂಟು. ತೆಳ್ಳಗಿನ ಸಾಕ್ಸ್ ಥರದ್ದಲ್ಲ, ದಪ್ಪ ಗಟ್ಟಿ ಸೋಲ್ ಇರೋದು. ಅದ್ರ ಮೇಲೆ ಹಾಕೋ ಫಿನ್ (ಈಜೋಕೆ ಕಾಲಿಗೆ ಕಟ್ಟೋ ರೆಕ್ಕೆ) ಹಿಂದ್ಗಡೆ ಸ್ಟ್ರ್ಯಾಪ್ ಇರೋದಾಗ್ಬೇಕು, ಬರಿಗಾಲಿಗೆ ಹಾಕೋ ಪೂರ್ತಿ ಪಾದದ ಫಿನ್ ತಗೊಂಡ್ರೆ ಕಲ್ಲಿನ ದಡದಲ್ಲಿ ದೇವ್ರೇ ಗತಿ. ಸ್ಟ್ರ್ಯಾಪ್ ಸ್ಪ್ರಿಂಗಿನದ್ದಾದ್ರೆ ಇನ್ನೂ ಒಳ್ಳೇದು, ಒಂದೇ ಕೈಲಿ ಎಳ್ದು ಹಾಕ್ಬಹುದು. ಮಾಸ್ಕು, ಆಳ, ಸಮಯದ ಲೆಕ್ಕ ಇಡೋ ಡೈವ್ ಕಂಪ್ಯೂಟರ್, ದಿಕ್ಸೂಚಿ, ವಿಷಲ್, ನೀರೊಳಗಿಂದ ಮೇಲಕ್ಕೆ ಬಿಡೋ ಕಿತ್ತಳೆ ಬಣ್ಣದ ಎಸ್‌ಎಂಬಿ ಬಲೂನು, ಇವು ನಮ್ಮದೇ. ಬಿಸಿಡಿ (ಗಾಳಿ ತುಂಬಿದ್ರೆ ತೇಲಿಸೋ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡೋದು) ಅಲ್ಲೇ ಬಾಡಿಗೆ. ಆಮೇಲೆ ಒಂದು ದೊಡ್ಡ ಥರ್ಮಾಸ್ ಫ್ಲಾಸ್ಕು, ವಿನೆಗರ್, ಚಿಮಟ. ಅತ್ತೆ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಲಗೇಜ್ ಲೆಕ್ಕಕ್ಕೆ ಬರಲ್ಲ.

ಡೈವಿಂಗ್ ಇನ್ಶೂರೆನ್ಸ್ ಮಾಡಿಸ್ದೆ ಹೋಗ್ಬೇಡಿ. ಮಾಮೂಲಿ ಟ್ರಾವೆಲ್ ಪಾಲಿಸೀಲಿ ಎಷ್ಟೋ ಸಲ ಸ್ಕೂಬಾ ಸೇರಿರಲ್ಲ, ಸಣ್ಣ ಅಕ್ಷರ ಓದಿ.

ಭಾನುವಾರ

ಡೆನ್‌ಪಸಾರ್‌ನಲ್ಲಿ ಇಳ್ದು ವೀಸಾಕ್ಕೆ 5 ಲಕ್ಷ ಕೊಡಿ ಅಂದಾಗ ನಮ್ಮನೆಯವ್ರ ಮುಖ ನೋಡ್ಬೇಕಿತ್ತು, ರುಪಯ್ಯಾ ರೀ ಅದು, ರೂಪಾಯಿ ಅಲ್ಲ. ಇದಲ್ದೆ ಬಾಲಿಯವ್ರ ಪ್ರವಾಸಿ ಶುಲ್ಕ 1.5 ಲಕ್ಷ ಬೇರೆ. ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ.

ಅಲ್ಲಿಂದ ಪೂರ್ವ ಕರಾವಳಿ ಹಿಡ್ದು ಚಾಂದಿದಾಸ, ಅಮ್ಲಾಪುರ ದಾಟಿ ತುಲಂಬೆನ್, ಹತ್ರ ಹತ್ರ ಮೂರು ಗಂಟೆ ದಾರಿ. ಬೆಟ್ಟದ ಮೇಲೆ ಕಿಂತಾಮಣಿ ಸುತ್ತಿ ಹೋಗೋ ದಾರೀನೂ ಇದೆ (ಚಿಂತಾಮಣಿ ಅಲ್ಲ), ಆ ವಿಷ್ಯ ಕೊನೇಲಿ. ತುಲಂಬೆನ್ ಅಂದ್ರೆ ಆಗುಂಗ್ ಜ್ವಾಲಾಮುಖಿಯ ಬುಡದಲ್ಲಿರೋ ಸಣ್ಣ ಊರು. ಮರಳು ಗಿರಳು ಕಮ್ಮಿ, ದಡದ ತುಂಬಾ ಕರೀ ದುಂಡು ಕಲ್ಲು, ಮುಷ್ಟಿ ಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗೆ. ಅಲೆ ವಾಪಸ್ ಹೋಗೋವಾಗ ಕಲ್ಲೆಲ್ಲಾ ಗಡಗಡ ಉರುಳೋ ಸದ್ದು ರೂಮಿನವರೆಗೂ ಕೇಳತ್ತೆ.

ಅವತ್ತು ಡೈವ್ ಇಲ್ಲ. ರಾತ್ರಿ ನಿದ್ದೆ ಇಲ್ದೆ ಬಂದವ್ರು ನೀರಿಗೆ ಇಳೀಬಾರ್ದು ಅನ್ನೋದು ಒಂದು, ದಡ ನೋಡೋಕೆ ಸುಮ್ನೆ ಒಂದು ಸಂಜೆ ಬೇಕು ಅನ್ನೋದು ಇನ್ನೊಂದು. ಕೂತು ನೋಡಿ, ಅಲೆಗಳು ಒಂದೇ ಸಮ ಬರಲ್ಲ. ನಾಕೈದು ದೊಡ್ಡವು ಸಾಲಾಗಿ ಬರ್ತಾವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಆ ಸಣ್ಣ ಅಲೆಗಳ ಬಿಡುವು ಎಷ್ಟು ಸೆಕೆಂಡು ಅಂತ ಮೊಬೈಲಲ್ಲಿ ಟೈಮ್ ನೋಡ್ಕೊಳ್ಳಿ, ನಾಳೆ ನೀವು ಇಳೀಬೇಕಾದ್ದು ಅದ್ರಲ್ಲೇ. ಎಲ್ಲಿ ನೊರೆ ಸಮುದ್ರದ ಕಡೆಗೇ ಹೋಗ್ತಿದೆ, ಎಲ್ಲಿ ಅಕ್ಕಪಕ್ಕ ಅಲೆ ಒಡೀತಿದ್ರೂ ನಡುವೆ ಮಾತ್ರ ಒಡೀದೆ ಕೆಸರು ಬಣ್ಣದ ನೀರು ಇದೆ, ಅಲ್ಲಿ ಸೆಳೆತ ಇದೆ ಅಂತ ಅರ್ಥ. ನೋಡೋಕೆ ಶಾಂತ ಇದೆ ಅಂತ ಹೊಸಬ್ರು ಸೀದಾ ಅಲ್ಲಿಗೇ ಹೋಗ್ತಾರೆ.

ಇಳಿಯೋ ಜಾಗದ ಜೊತೆ ಹತ್ತೋಕೆ ಎರಡನೇ ಜಾಗ ಒಂದು ನೋಡಿಟ್ಕೊಳ್ಳಿ. ನೀರೊಳಗಿನ ಹರಿವು ಪಕ್ಕಕ್ಕೆ ತಳ್ಕೊಂಡು ಹೋದ್ರೆ ಅದ್ರ ವಿರುದ್ಧ ಈಜಿ ಸಾಯೋದ್ಬಿಟ್ಟು ಅಲ್ಲಿ ಹತ್ತಿ ರಸ್ತೇಲಿ ನಡ್ಕೊಂಡು ಬರ್ಬಹುದು.

ದಿನ ಆರಿಸೋಕೆ ನಮ್ಮ ಮನೆ ಗೋಡೆ ಕ್ಯಾಲೆಂಡರೇ ಸಾಕು ಗೊತ್ತಾ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಭರತ ಇಳಿತದ ವ್ಯತ್ಯಾಸ ಜಾಸ್ತಿ, ಅದಕ್ಕೆ ತಕ್ಕಂತೆ ಕರೆಂಟು, ಅಂದ್ರೆ ನೀರಿನ ಹರಿವೂ ಜೋರು. ಅಷ್ಟಮಿ ಕಳ್ದು ಒಂದೆರಡು ದಿನ ವ್ಯತ್ಯಾಸ ಕಮ್ಮಿ. ಮೈದುನ ಟಿಕೆಟ್ ಬುಕ್ ಮಾಡೋಕ್ಮುಂಚೆ ತಿಥಿ ನೋಡ್ತಾ ಕೂತಿದ್ದಕ್ಕೆ ಅತ್ತೆಗೆ ಮಗ ಸುಧಾರಿಸ್ದ ಅಂತ ಖುಷಿಯೋ ಖುಷಿ. ಗಂಟೆ ಲೆಕ್ಕಕ್ಕೆ ಮಾತ್ರ ಆ ಊರಿನ ಟೈಡ್ ಟೇಬಲ್ಲೇ ನೋಡ್ಬೇಕು.

ಸೋಮವಾರ

ನಮ್ಮ ಗೈಡ್ ಆ ಊರಿನೋನೇ. ಬಾಲೀಲಿ ಮೊದಲ ಮಗು ವಯಾನ್, ಎರಡನೇದು ಮಾಡೆ, ಮೂರನೇದು ನ್ಯೋಮಾನ್, ನಾಲ್ಕನೇದು ಕೆಟುಟ್ ಅಂತ ಹುಟ್ಟಿದ ಕ್ರಮದಲ್ಲೇ ಹೆಸ್ರು ಇಡ್ತಾರೆ, ಬೀಚಲ್ಲಿ ಒಂದು ಸಲ ಕೂಗಿದ್ರೆ ಆರು ಜನ ತಿರುಗ್ತಾರೆ. ಮೊದಲ ಡೈವ್ ಇಲ್ಲಿ ಮುಳುಗಿರೋ ಹಡಗಿಗೆ ಬೇಡ, ಕೋರಲ್ ಗಾರ್ಡನ್ ಅನ್ನೋ ಕಮ್ಮಿ ಆಳದ ಜಾಗದಲ್ಲಿ ಅಂದ. ಸರಿಯಾದ ಮಾತು. ಬಾಡಿಗೆ ಡೈವ್ ಗೇರ್, ಮೈ ಬೆಚ್ಚಗಿಡೋ ಹೊಸ ವೆಟ್‌ಸೂಟು, ಮುಳುಗೋಕೆ ಸೊಂಟಕ್ಕೆ ಕಟ್ಟೋ ತೂಕ ಎಷ್ಟು ಬೇಕು ಅಂತ ನೀರಿಗೆ ಇಳಿದು ನೋಡೋವರೆಗೆ ಗೊತ್ತಾಗಲ್ಲ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಆಗ್ತಾ ಹೋದಂಗೆ ಹಗುರ ಆಗತ್ತೆ, ಆರಂಭದಲ್ಲಿ ಸರಿ ಇದ್ದ ತೂಕ ಕೊನೇಲಿ ಸಾಲ್ದೆ, ಮೇಲೆ ಬರೋ ಮುಂಚೆ ಸ್ವಲ್ಪ ಹೊತ್ತು ನಿಲ್ಬೇಕಾದ ಐದು ಮೀಟರ್‌ನಲ್ಲಿ ನಿಲ್ಲೋಕಾಗ್ದೆ ಮೇಲಕ್ಕೆ ತೇಲಿ ಹೋಗ್ತೀರಿ. ಅದಕ್ಕೆ ಡೈವ್ ಮುಗಿಯೋ ಹೊತ್ತಿಗೆ ಸಿಲಿಂಡರಲ್ಲಿ ಗಾಳಿಯ ಒತ್ತಡ 50 ಬಾರ್ ಇದ್ದಾಗ ಐದು ಮೀಟರಲ್ಲಿ ನಿಂತು ನೋಡಿ, ತೂಕ ಅಲ್ಲಿ ಪಕ್ಕಾ ಮಾಡ್ಕೊಂಡು ಬರೆದಿಟ್ಕೊಳ್ಳಿ.

ಸಿಲಿಂಡರ್ ಹೊರೋ ವಿಷ್ಯಕ್ಕೆ ಬರ್ತೀನಿ. ತುಲಂಬೆನ್‌ನಲ್ಲಿ ಸಿಲಿಂಡರ್ ಕಟ್ಟಿದ ಗೇರನ್ನ ಊರಿನ ಹೆಂಗಸ್ರು ತಲೆ ಮೇಲೆ ಹೊತ್ಕೊಂಡು ಹೋಗ್ತಾರೆ. ಸಿಂಬೆ ಥರ ಬಟ್ಟೆ ಸುತ್ತಿ ಅದ್ರ ಮೇಲೆ ಇಡೋದು, ಕೆಲವ್ರು ಎರಡು ಸಿಲಿಂಡರ್ ಒಟ್ಟಿಗೆ, ಕಾಲಲ್ಲಿ ಬರೀ ರಬ್ಬರ್ ಚಪ್ಪಲಿ, ಅದೂ ಆ ಉರುಳೋ ಕಲ್ಲಿನ ಮೇಲೆ. ನಂಗೆ ಮೊದ್ಲು ಮುಜುಗರ ಆಯ್ತು, ನಂಗಿಂತ ವಯಸ್ಸಾದವ್ರ ಕೈಲಿ ಹೊರಿಸೋದಾ ಅಂತ. ಆದ್ರೆ ಅದು ಅವ್ರ ದುಡಿಮೆ, ನಾವೇ ಹೊರ್ತೀವಿ ಅಂತ ಶೋ ಮಾಡಿದ್ರೆ ಅವ್ರಿಗೆ ಕೂಲಿ ಹೋಗತ್ತೆ, ನಮ್ಗೆ ಸೊಂಟ ಹೋಗತ್ತೆ. ಹೊರೆ ಹೊತ್ತ ಸುಸ್ತಲ್ಲಿ ಏದುಸಿರು ಬಿಡ್ತಾ ನೀರಿಗಿಳಿದ್ರೆ ಗಾಳಿನೂ ಬೇಗ ಖಾಲಿ. ಕೊಡೋದನ್ನ ಚೌಕಾಸಿ ಇಲ್ದೆ ಕೊಟ್ಬಿಡಿ.

ಇನ್ನು ಇಳಿಯೋ ಕ್ರಮ. ವೆಟ್‌ಸೂಟ್ ಸೊಂಟದವರೆಗೆ ಮಾತ್ರ ಹಾಕಿ ನೆರಳಲ್ಲಿ ಕೂತು ನೀರು ಕುಡೀರಿ, ಉಷ್ಣವಲಯದ ಬಿಸಿಲಲ್ಲಿ ಮೇಲ್ತನಕ ಜಿಪ್ ಎಳ್ಕೊಂಡು ಅರ್ಧ ಗಂಟೆ ಬ್ರೀಫಿಂಗ್ ಕೇಳ್ತಾ ನಿಂತ್ರೆ ಇಳಿಯೋಕ್ಮುಂಚೆಯೇ ತಲೆ ಸುತ್ತತ್ತೆ. ಗೇರ್ ಚೆಕ್ ಎಲ್ಲಾ ದಡದಲ್ಲೇ ಬೆಂಚಿನ ಹತ್ರ ಮುಗೀಬೇಕು. ವಾಲ್ವ್ ಪೂರ್ತಿ ತೆರ್ದಿದ್ಯಾ, ರೆಗ್ಯುಲೇಟರಲ್ಲಿ ಉಸಿರು ಎಳೆಯೋವಾಗ ಗೇಜ್ ಮುಳ್ಳು ಅಲ್ಲಾಡ್ತಿಲ್ಲ ತಾನೆ, ಬಿಸಿಡಿ ಗಾಳಿ ತುಂಬತ್ತಾ ಖಾಲಿ ಆಗತ್ತಾ, ಜೊತೆಗಾರನ ಬಕಲ್ ಎಲ್ಲಿ ಬಿಚ್ಚೋದು. ಫಿನ್ ಒಂದು ಬಿಟ್ಟು ಎಲ್ಲಾ ಮೈ ಮೇಲೆ. ಬಿಸಿಡಿ ಅರ್ಧ ಗಾಳಿ ತುಂಬಿ, ನೀರು ಮೊಣಕಾಲಿಗೆ ಬರೋ ಮುಂಚೆಯೇ ಮಾಸ್ಕ್ ಕಣ್ಣಿಗೆ ರೆಗ್ಯುಲೇಟರ್ ಬಾಯಿಗೆ. ಮಾಸ್ಕ್ ಹಣೆ ಮೇಲೆ ಇಟ್ಕೊಂಡು ಸ್ಟೈಲಾಗಿ ಹೋದವ್ರ ಮಾಸ್ಕು ಮೊದಲ ಅಲೆಗೇ ಸಮುದ್ರದ ಪಾಲು.

ಕಲ್ಲಿನ ಮೇಲೆ ನಡೆಯೋದು ನಮ್ಮೂರವ್ರಿಗೆ ಹೇಳಿಕೊಡ್ಬೇಕಾಗಿಲ್ಲ. ಎಳ್ಳಮಾವಾಸ್ಯೆ ಜಾತ್ರೇಲಿ ತೀರ್ಥಹಳ್ಳಿ ತುಂಗೆಗೆ ಹೆಂಗೆ ಇಳೀತೀವೋ ಹಂಗೇ, ಪಾದ ಎತ್ತಿ ಇಡಲ್ಲ, ಜಾರಿಸ್ತಾ ಕಲ್ಲು ಹುಡುಕಿ ಅದು ಅಲ್ಲಾಡಲ್ಲ ಅಂತಾದ್ಮೇಲೆ ಮೈ ಭಾರ ಬಿಡೋದು. ವ್ಯತ್ಯಾಸ ಇಷ್ಟೇ, ಇಲ್ಲಿ ಅಲೆ ಇದೆ. ಅಲೆಗೆ ಎದೆ ಕೊಟ್ಟು ನಿಲ್ಬೇಡಿ, ಪಕ್ಕಕ್ಕೆ ತಿರುಗಿ ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲಿ, ಅಲೆ ದಾಟಿದ್ಮೇಲೆ ಎರಡು ಹೆಜ್ಜೆ, ಮತ್ತೆ ನಿಲ್ಲಿ. ನಾನೂ ಮೈದುನನೂ ತೋಳು ಹಿಡ್ಕೊಂಡು ಹೋದ್ವಿ. ಎದೆಮಟ್ಟ ನೀರು ಬಂದಂಗೆ ಭಾರ ಎಲ್ಲಾ ಮಾಯ, ಒಬ್ರ ಭುಜ ಒಬ್ರು ಹಿಡ್ಕೊಂಡು ಫಿನ್ ಹಾಕಿ ಹೊರಟೇಬಿಡೋದು, ಅಲೆ ಒಡಿಯೋ ಜಾಗದಲ್ಲಿ ನಿಂತು ಫೋಟೋ ಗೀಟೋ ಅನ್ನೋ ಹಾಗಿಲ್ಲ. ಮರಳಿನ ದಡದಲ್ಲಿ ಕೆಲವ್ರು ಅಂಚಲ್ಲೇ ಫಿನ್ ಹಾಕಿ ಹಿಮ್ಮುಖ ನಡೀತಾರೆ, ಕಲ್ಲಲ್ಲಿ ಅದು ಬೇಡವೇ ಬೇಡ. ಬಿದ್ರೆ? ಏಳೋಕೆ ಹೋಗ್ಬೇಡಿ. ಬಾಯಲ್ಲಿ ಗಾಳಿ ಇದೆ, ಬಿಸಿಡಿ ತೇಲಿಸ್ತಿದೆ, ಬೋರಲಾಗೇ ತೆವಳ್ಕೊಂಡು ಆಳಕ್ಕೆ ಹೋಗಿ. ಎದ್ದು ನಿಲ್ಲೋ ಪ್ರಯತ್ನದಲ್ಲೇ ಎರಡನೇ ಅಲೆ ಬಂದು ಹೊಡಿಯೋದು.

ಕೈ ಎರಡೂ ಖಾಲಿ ಇರ್ಬೇಕು. ಕ್ಯಾಮೆರಾ ಗೈಡ್ ಕೈಲಿ, ಇಲ್ಲಾಂದ್ರೆ ಕ್ಲಿಪ್ ಹಾಕಿ ಮೈಗೆ.

ಮಂಗಳವಾರ

ಬೆಳಿಗ್ಗೆ ಸೂರ್ಯ ಹುಟ್ಟೋ ಹೊತ್ತಿಗೇ ಹಡಗಿಗೆ. ಯುಎಸ್‌ಎಟಿ ಲಿಬರ್ಟಿ, ಅಮೆರಿಕಾ ಸೇನೆಯ ಸರಕು ಹಡಗು. 1942ರ ಜನವರೀಲಿ ಲೊಂಬೋಕ್ ಜಲಸಂಧಿ ಹತ್ರ ಜಪಾನಿ ಸಬ್‌ಮರೀನ್ ಟಾರ್ಪೆಡೋ ಹೊಡೀತು, ಸಿಂಗರಾಜ ಬಂದರಿಗೆ ಎಳ್ಕೊಂಡು ಹೋಗೋಕೆ ನೋಡಿದ್ರು, ನೀರು ತುಂಬ್ಕೊಂಡು ಆಗ್ಲಿಲ್ಲ, ಕೊನೆಗೆ ತುಲಂಬೆನ್ ದಡಕ್ಕೇ ಹತ್ತಿಸಿಬಿಟ್ರು. ಇಪ್ಪತ್ತು ವರ್ಷಕ್ಕೂ ಮೇಲೆ ಅದು ದಡದಲ್ಲೇ ಬಿದ್ದಿತ್ತಂತೆ. 1963ರಲ್ಲಿ ಆಗುಂಗ್ ಸ್ಫೋಟ ಆದಾಗ ನೆಲ ನಡುಗಿ ಜಾರಿ ನೀರಿಗೆ ಹೋಯ್ತು. ಆ ಸ್ಫೋಟದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ರು, ನಾವು ತುಳಿಯೋ ಕರೀ ಕಲ್ಲೂ ಅದೇ ಬೆಟ್ಟದ್ದು.

ಈಗ ಸುಮಾರು 120 ಮೀಟರ್ ಉದ್ದದ ಹಡಗು ದಡಕ್ಕೆ ಸಮಾನಾಂತರವಾಗಿ ಮಗ್ಗುಲಾಗಿ ಮಲಗಿದೆ, ಮೇಲಿನ ಭಾಗ ಐದು ಮೀಟರ್ ಆಳದಲ್ಲಿ, ಕೆಳಗಿನದ್ದು ಮೂವತ್ತರ ಹತ್ರ. ನಮ್ಮ ಕೋರ್ಸಿನ ಮಿತಿ 18 ಮೀಟರ್, ಅಷ್ಟರೊಳಗೇ ನೋಡಿ ಮುಗಿಯದಷ್ಟಿದೆ. ತಲೆ ಮೇಲೆ ಬೋರೆ ಇರೋ ಬಂಪ್‌ಹೆಡ್ ಪ್ಯಾರಟ್ ಮೀನುಗಳು ರಾತ್ರಿ ಹಡಗಲ್ಲಿ ಮಲಗಿ ಬೆಳಿಗ್ಗೆ ಎದ್ದು ಹೊರಡ್ತಾವೆ, ಒಂದೊಂದು ಮೀಟರ್ ಉದ್ದ. ಗುಂಪು ನನ್ನ ಪಕ್ಕದಲ್ಲೇ ಹೋಯ್ತು, ನಾನು ಉಸಿರು ಹಿಡೀಬಾರ್ದು ಹಿಡೀಬಾರ್ದು ಅಂತ ಮನಸಲ್ಲೇ ಹೇಳ್ಕೊಳ್ತಾ ಇದ್ದೆ.

ಬೆಳಿಗ್ಗೆ ಹೋಗೋದಕ್ಕೆ ಮೀನು ಒಂದೇ ಕಾರಣ ಅಲ್ಲ. ಇಂಥ ದ್ವೀಪಗಳಲ್ಲಿ ಬಿಸಿಲೇರಿದಂಗೆ ಗಾಳಿ ಏಳತ್ತೆ, ಮಧ್ಯಾಹ್ನದ ನಂತ್ರ ದಡದ ಅಲೆ ಒರಟು. ಜೊತೆಗೆ ದಕ್ಷಿಣ ಬಾಲಿ ಹೋಟೆಲ್‌ಗಳಿಂದ ವ್ಯಾನ್‌ಗಟ್ಲೆ ಜನ ಬಂದ್ರೆ ನೀರೊಳಗೂ ಟ್ರಾಫಿಕ್.

ದಾರಿ ತಪ್ಪದಂಗೆ ಇರೋಕೆ, ಇಳಿಯೋಕ್ಮುಂಚೆ ದಡಕ್ಕೆ ಬೆನ್ನು ಹಾಕಿ ದಿಕ್ಸೂಚಿ ಓದಿಟ್ಕೊಳ್ಳಿ, ಅದ್ರ ಉಲ್ಟಾ ಅಂದ್ರೆ ಮನೆ. ಕರೆಂಟ್ ಇದ್ರೆ ಮೊದ್ಲು ಅದ್ರ ವಿರುದ್ಧ ಹೋಗಿ, ವಾಪಸ್ ಬರೋವಾಗ ಅದೇ ತಳ್ಳತ್ತೆ. 200 ಬಾರಲ್ಲಿ ಹೊರಟ್ರೆ ನಾವು 120 ಬಂದಂಗೆ ತಿರುಗೋದು ಅಂತ ಮೊದ್ಲೇ ಮಾತಾಡ್ಕೊಂಡಿದ್ವಿ, ಅಲೆ ದಾಟಿ ಹತ್ತೋವರೆಗೂ ಬಾಯಲ್ಲಿ ಗಾಳಿ ಬೇಕಲ್ಲ. ದಡದ ಡೈವಿನ ದೊಡ್ಡ ಲಾಭ ಇಲ್ಲೇ ಇರೋದು. ಇಳಿಜಾರು ಹಿಡ್ದು ನಿಧಾನ ಮೇಲೆ ಬರ್ತಾ ಐದು ಮೀಟರಲ್ಲಿ ಮೂರು ನಿಮಿಷ ನಿಲ್ಲೋ ಸೇಫ್ಟಿ ಸ್ಟಾಪ್ ಮೀನು ನೋಡ್ತಾನೇ ಮುಗಿಯತ್ತೆ, ಬೋಟ್ ಹಗ್ಗ ಹಿಡ್ಕೊಂಡು ನೇತಾಡೋದಿಲ್ಲ.

ಹತ್ತೋದು ಇಳಿಯೋದಕ್ಕಿಂತ ಕಷ್ಟ. ಅಲೆ ಒಡಿಯೋ ಜಾಗದ ಆಚೆಗೇ ನಿಂತು ಸಾಲು ದಾಟೋಕೆ ಕಾಯಿರಿ, ಎದೆಮಟ್ಟದಲ್ಲಿ ಕಾಲು ನೆಲಕ್ಕೆ ಸಿಕ್ಕ ಮೇಲೆ ಫಿನ್ ಬಿಚ್ಚಿ ಸ್ಟ್ರ್ಯಾಪ್ ಮಣಿಕಟ್ಟಿಗೆ ಸಿಕ್ಕಿಸಿ. ಮಾಸ್ಕ್, ರೆಗ್ಯುಲೇಟರ್ ಒಣ ನೆಲದವರೆಗೂ ತೆಗೀಬೇಡಿ. ಸಮುದ್ರಕ್ಕೆ ಪೂರ್ತಿ ಬೆನ್ನು ಹಾಕ್ಬೇಡಿ. ನಿಂತು ನಡೆಯೋಕಾಗಿಲ್ಲಾಂದ್ರೆ ಅಂಬೆಗಾಲಲ್ಲಿ ಬನ್ನಿ, ಮರ್ಯಾದೆ ಎಲ್ಲಾ ಆಮೇಲೆ. ಜೊತೆಗಾರನ ಸೀದಾ ಹಿಂದೆ ಬರ್ಬೇಡಿ, ಅವ್ರು ಜಾರಿದ್ರೆ ಸಿಲಿಂಡರ್ ಸಮೇತ ನಿಮ್ಮ ಮೇಲೇ.

ನಮ್ಮನೆಯವ್ರು ಕೊಡೆ ಕೆಳಗೆ ಪುಸ್ತಕ ಹಿಡ್ಕೊಂಡು ಕೂತಿದ್ರು. ಅವ್ರ ಹತ್ರ ಒಂದು ಚೀಟಿ: ಯಾರು, ಎಷ್ಟು ಗಂಟೆಗೆ ಇಳಿದ್ರು, ಎಷ್ಟಕ್ಕೆ ಬರ್ಬೇಕು, ಎಷ್ಟು ದಾಟಿದ್ರೆ ಯಾರಿಗೆ ಫೋನ್ ಮಾಡ್ಬೇಕು. ಡೆನ್‌ಪಸಾರ್‌ನ ದೊಡ್ಡ ಸರ್ಕಾರಿ ಆಸ್ಪತ್ರೇಲಿ ಡೈವ್ ಆದ್ಮೇಲೆ ಮೈಯಲ್ಲಿ ಗುಳ್ಳೆ ಎದ್ದವ್ರನ್ನ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡೋ ರಿಕಂಪ್ರೆಷನ್ ಚೇಂಬರ್ ಇದೆ, ಆದ್ರೆ ಅದು ಮೂರು ಗಂಟೆ ದೂರ. ಹಾಗಾಗಿ ಇಲ್ಲಿ ಡೈವ್ ಸೆಂಟರ್ ಸೇರೋ ಮುಂಚೆ ಆಕ್ಸಿಜನ್ ಕಿಟ್ ಎಲ್ಲಿದೆ, ತೋರ್ಸಿ ಅಂತ ಕೇಳಿ, ಸಂಕೋಚ ಬೇಡ.

ಬುಧವಾರ

ರಾತ್ರಿಯೇ ಕಲ್ಲುರುಳೋ ಸದ್ದು ಬೇರೆ ಥರ ಇತ್ತು. ಬೆಳಿಗ್ಗೆ ನೋಡಿದ್ರೆ ಅಲೆ ಸೊಂಟದೆತ್ತರ, ನಡುವಿನ ಬಿಡುವು ಇಲ್ಲವೇ ಇಲ್ಲ. ಡೈವ್ ಕ್ಯಾನ್ಸಲ್. ಮೈದುನನಿಗೆ ಸಿಟ್ಟು, "ಅಷ್ಟು ದುಡ್ಡು ಕೊಟ್ಟು ಬಂದು ಸುಮ್ನೆ ಕೂರೋದಾ ಅತ್ತಿಗೆ, ಇಳ್ಯೋಣ, ಆಚೆ ಹೋದ್ಮೇಲೆ ಏನೂ ಇರಲ್ಲ" ಅಂತ. ಇಳಿಯೋಕೇನೋ ಆಗತ್ತೆ ಕಣೋ, ಒಂದು ಗಂಟೆ ಬಿಟ್ಟು ಅಲೆ ಇನ್ನೂ ದೊಡ್ಡದಾಗಿದ್ರೆ ಹತ್ತೋದು ಹೆಂಗೆ ಅಂದೆ. ಹತ್ತೋಕಾಗತ್ತೆ ಅಂತ ಗ್ಯಾರಂಟಿ ಇಲ್ದೆ ಇಳೀಬಾರ್ದು, ನನ್ನ ಪ್ರಕಾರ ಇದ್ರಲ್ಲಿ ಚರ್ಚೆಯೇ ಇಲ್ಲ. ಗೈಡೂ ತಲೆ ಆಡಿಸ್ದ.

ಅದೇ ಮಧ್ಯಾಹ್ನ ದಡದಲ್ಲಿ ಬರಿಗಾಲಲ್ಲಿ ಆಡ್ತಿದ್ದ ಪ್ರವಾಸಿ ಒಬ್ರು ಸೀ ಅರ್ಚಿನ್ (ಮೈಯೆಲ್ಲಾ ಮುಳ್ಳಿರೋ ಕಡಲ ಜೀವಿ) ತುಳಿದ್ರು, ಪಾದದ ತುಂಬಾ ಕಪ್ಪು ಮುಳ್ಳು. ನಮ್ಮ ಥರ್ಮಾಸ್ ಹೊರಗೆ ಬಂತು. ಇಂಥ ಮುಳ್ಳಿಗೆ, ವಿಷದ ಮುಳ್ಳಿರೋ ಲಯನ್ ಫಿಶ್, ಸ್ಟೋನ್ ಫಿಶ್ ಚುಚ್ಚಿದ್ರೂ, ತಡೆಯೋವಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ದಾಟದಂಗೆ, ಅರ್ಧದಿಂದ ಒಂದೂವರೆ ಗಂಟೆ ಅದ್ದಿಡ್ಬೇಕು. ಬಿಸಿ ಎಷ್ಟಿದೆ ಅಂತ ನೋವಿಲ್ಲದ ಕೈಯಿಂದ ನೋಡಿ, ನೋವಲ್ಲಿದ್ದವ್ರಿಗೆ ಸುಟ್ರೂ ಗೊತ್ತಾಗಲ್ಲ. ಮೇಲೆ ಕಾಣೋ ಮುಳ್ಳು ಚಿಮಟದಲ್ಲಿ ತೆಗೀಬಹುದು, ಒಳಗೆ ಮುರ್ದದ್ದನ್ನ ಕೆದಕದೆ ಡಾಕ್ಟರ್ ಹತ್ರ. ಸ್ಟೋನ್ ಫಿಶ್ ಆದ್ರೆ ನೀರು ಬಿಸಿ ಮಾಡ್ತಾನೇ ಆಸ್ಪತ್ರೆಗೆ ಗಾಡಿ ಕರೀಬೇಕು, ಅದು ತಮಾಷೆ ಅಲ್ಲ. ವಿನೆಗರ್ ಇಟ್ಕೊಂಡಿದ್ದು ಬಾಕ್ಸ್ ಜೆಲ್ಲಿಫಿಶ್ ಕುಟುಕಿದ್ರೆ ಅಂತ.

ಗುರುವಾರ

ಸಮುದ್ರ ಇಳಿದಿತ್ತು. ಬೆಳಿಗ್ಗೆ ಆಮೆಡ್ ಕಡೆ ಜೆಮೆಲುಕ್ ಕೊಲ್ಲಿ, ಸುಲಭದ ದಡ. ಮರಳಿದ್ದಲ್ಲಿ ಪಾದ ಎತ್ತದೆ ಎಳೀತಾ ಹೋಗಿ, ಮರಳಲ್ಲಿ ಹೂತು ಕೂತ ತೊರಕೆ ಮೀನು ಸದ್ದಿಗೆ ಎದ್ದು ಹೋಗತ್ತೆ. ಅಲ್ಲಿ ಜುಕುಂಗ್ ದೋಣಿಗಳ ಓಡಾಟ ಜಾಸ್ತಿ, ಮೇಲೆ ಬರೋ ಮುಂಚೆ ಎಸ್‌ಎಂಬಿ ಬಿಟ್ಟೇ ಬರ್ಬೇಕು.

ರಾತ್ರಿ ತುಲಂಬೆನ್‌ನಲ್ಲೇ, ಎರಡು ದಿನ ಹಗಲಲ್ಲಿ ನೋಡಿದ ಕೋರಲ್ ಗಾರ್ಡನ್ ಜಾಗದಲ್ಲೇ ನೈಟ್ ಡೈವ್. ಹಗಲು ನೋಡದ ದಡಕ್ಕೆ ರಾತ್ರಿ ಇಳೀಬೇಡಿ. ಕತ್ತಲಲ್ಲಿ ಮೇಲೆ ಬಂದು ನೋಡಿದ್ರೆ ದಡದ ತುಂಬಾ ಹೋಟೆಲ್ ಲೈಟು, ಯಾವ್ದು ನಮ್ಮದು? ಅದಕ್ಕೆ ಗೈಡ್ ತೋರ್ಸಿದ್ದು ಇದು: ನೀರಂಚಲ್ಲಿ ಒಂದು ಲೈಟು, ಅದ್ರ ಸೀದಾ ಹಿಂದೆ ಎತ್ತರದಲ್ಲಿ ಇನ್ನೊಂದು. ನೀರಿಂದ ನೋಡೋವಾಗ ಎರಡೂ ಒಂದ್ರ ಮೇಲೊಂದು ನೆಟ್ಟಗೆ ಕಂಡ್ರೆ ನೀವು ದಾರೀಲಿದೀರಿ. ಮೇಲಿನದ್ದು ಎಡಕ್ಕೆ ಸರಿದಂಗೆ ಕಂಡ್ರೆ ನೀವು ಬಲಕ್ಕೆ ಹೋಗೋದು, ಬಲಕ್ಕೆ ಕಂಡ್ರೆ ಎಡಕ್ಕೆ. ಕೆಳಗಿನ ಲೈಟ್ ಡ್ಯೂಟಿ ನಮ್ಮನೆಯವ್ರದ್ದು. ಸೊಳ್ಳೆ ಕಚ್ಚಿದ್ರೂ ಅಲ್ಲಾಡ್ಬೇಡಿ ಅಂತ ಹೇಳಿದ್ವಿ, ಪಾಪ ನಿಜವಾಗ್ಲೂ ಅಲ್ಲಾಡ್ಲಿಲ್ಲ.

ಶುಕ್ರವಾರ

ಡೈವ್ ಇಲ್ಲ, ಮರುದಿನ ಫ್ಲೈಟ್. ದಿನಾ ಡೈವ್ ಮಾಡಿದವ್ರು ಕೊನೇ ಡೈವ್ ಆಗಿ ಕನಿಷ್ಠ 18 ಗಂಟೆ ವಿಮಾನ ಹತ್ತಬಾರ್ದು, ನಾವು 24 ದಾಟಿಸ್ಕೊಂಡ್ವಿ. ಗೇರ್ ಎಲ್ಲಾ ಸಿಹಿನೀರಲ್ಲಿ ತೊಳ್ದು ನೆರಳಲ್ಲಿ ಒಣಗಿಸಿ ಅಮ್ಲಾಪುರದ ಹತ್ರ ಸಮುದ್ರದ ಪಕ್ಕದಲ್ಲೇ ಇರೋ ಉಜುಂಗ್ ಜಲ ಅರಮನೆ ನೋಡ್ಕೊಂಡು ಬಂದ್ವಿ. ಡ್ರೈವರ್ ಕಿಂತಾಮಣಿ ಚೆನ್ನಾಗಿದೆ, ಜ್ವಾಲಾಮುಖಿ ನೋಡ್ತಾ ಊಟ ಮಾಡ್ಬಹುದು ಅಂದ. ಅದು 1500 ಮೀಟರ್ ಎತ್ತರ. ಡೈವ್ ಆದ ಕೂಡ್ಲೆ ಬೆಟ್ಟ ಹತ್ತೋದೂ ವಿಮಾನ ಹತ್ತಿದಂಗೇ, ಮೈಯಲ್ಲಿ ಉಳ್ದಿರೋ ನೈಟ್ರೋಜನ್‌ಗೆ ರಸ್ತೆ ಆಕಾಶ ಅಂತ ಭೇದ ಇಲ್ಲ, ಹೊರಗಿನ ಒತ್ತಡ ಕಮ್ಮಿ ಆದ್ರೆ ಗುಳ್ಳೆ ಏಳತ್ತೆ.

ಇದನ್ನ ಕೇಳಿದ್ಮೇಲೆ ಮೈದುನ ಫೋನ್ ತೆಗ್ದು ನಮ್ಮ ಘಾಟಿಗಳ ಎತ್ತರ ನೋಡ್ತಾ ಕೂತ. ನಮ್ಮ ಕಡೆಯಿಂದ ನೇತ್ರಾಣಿಗೆ ಹೋಗೋರು ಎಷ್ಟೋ ಜನ ಬೆಳಿಗ್ಗೆ ಡೈವ್ ಮಾಡಿ ಮುರ್ಡೇಶ್ವರದಲ್ಲಿ ಊಟ ಮುಗ್ಸಿ ಸಂಜೆಯೊಳಗೆ ಘಾಟಿ ಹತ್ತಿ ಮನೆ ಸೇರ್ತಾರೆ. ವಿಮಾನದ ನಿಯಮ ಲೆಕ್ಕಕ್ಕೆ ತಗೊಳ್ಳೋದು ಸುಮಾರು 610 ಮೀಟರಿಂದ ಮೇಲೆ, ಅಂದ್ರೆ 2000 ಅಡಿ. ಶಿವಮೊಗ್ಗ ಪೇಟೆ 570ರ ಆಸುಪಾಸು, ಗೆರೆಗಿಂತ ಸ್ವಲ್ಪ ಕೆಳಗೆ. ಆಗುಂಬೆ 640, ಗೆರೆ ದಾಟತ್ತೆ. ಅಂದ್ರೆ ಆಗುಂಬೆ ಮೇಲೆ ತೀರ್ಥಹಳ್ಳಿಗೆ ಬರೋರು ಡೈವ್ ದಿನವೇ ಹೊರಡ್ಬಾರ್ದು. ಬೇರೆ ಘಾಟಿಯವ್ರೂ ಗೆರೆಗೆ ಹತ್ರವೇ ಇರೋದ್ರಿಂದ ರಾತ್ರಿ ಕೆಳಗೇ ಉಳಿಯೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ಹೋಗೋವಾಗ ಸಮಸ್ಯೆ ಇಲ್ಲ, ಬರೋವಾಗಷ್ಟೇ.

ಮೈದುನ ಮಳೆಗಾಲ ಮುಗ್ದ ಮೇಲೆ ಫ್ರೆಂಡ್ಸ್ ಜೊತೆ ನೇತ್ರಾಣಿ ಪ್ಲ್ಯಾನ್ ಹಾಕಿದ್ದ, ಶನಿವಾರ ಹೋಗಿ ಶನಿವಾರ ವಾಪಸ್ ಅಂತ. ಅಲ್ಲೇ ಗುಂಪಿಗೆ ಮೆಸೇಜ್ ಹಾಕಿ ಮುರ್ಡೇಶ್ವರದಲ್ಲಿ ಶನಿವಾರ ರಾತ್ರಿಗೂ ರೂಮ್ ನೋಡ್ರೋ ಅಂದ. ಎಂತಕ್ಕೆ ಅಂತ ಒಬ್ಬ ಕೇಳಿದ್ದಕ್ಕೆ ಇಷ್ಟೆಲ್ಲಾ ಟೈಪ್ ಮಾಡೋಕಾಗಲ್ಲ ಮಾರಾಯ, ಅತ್ತಿಗೆ ಬರೀತಾರೆ ಓದ್ಕೋ ಅಂತ ಹೇಳಿ ನನ್ನ ತಲೆಗೆ ಕಟ್ಟಿದಾನೆ.